ಕ್ಯಾಪ್ಟನ್‌ಗೆ ಕುರ್ಚಿ ಬೇಡ, ಒಂದು ವಾಚ್ ಕೊಡಿ

ಬಾಹ್ಯಾಕಾಶದ ಕಥೆಗಳಲ್ಲಿ ಒಬ್ಬ ಮುದಿ ಕ್ಯಾಪ್ಟನ್ ಇದ್ದೇ ಇರುತ್ತಾನೆ. ಕೆಲಸ ಬಿಟ್ಟು ಯಾವುದೋ ಮೂಲೆಯಲ್ಲಿ ತೋಟ ಮಾಡಿಕೊಂಡಿರುತ್ತಾನೆ. ಒಂದು ದಿನ ಯೂನಿಫಾರ್ಮ್ ಹಾಕಿದ ಹುಡುಗನೊಬ್ಬ ಬಂದು ಬಾಗಿಲು ತಟ್ಟುತ್ತಾನೆ. "ಸರ್, ನೀವಿಲ್ಲದಿದ್ದರೆ ಆಗುವುದೇ ಇಲ್ಲ." ಮುದುಕ ಎರಡು ಸಲ ಬೇಡ ಎನ್ನುತ್ತಾನೆ, ಮೂರನೇ ಸಲ ಹೊರಡುತ್ತಾನೆ. ನೌಕೆಯೊಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಾರೆ. ಅವನು ಹೋಗಿ ಹಳೇ ಕುರ್ಚಿಯಲ್ಲಿ ಕೂರುತ್ತಾನೆ.

ನಾನೂ ಇಂಥದ್ದನ್ನು ಬಾಯಿ ಬಿಟ್ಟುಕೊಂಡು ನೋಡುವವನೇ, ಸುಳ್ಳು ಯಾಕೆ ಹೇಳಲಿ. ಆದರೆ ಅವನು ಆ ಕುರ್ಚಿಯಲ್ಲಿ ಕೂತಲ್ಲಿಗೇ ಕಥೆ ಕೆಡುತ್ತದೆ ಎನ್ನುವುದು ನನ್ನ ತಕರಾರು.

ನಿಜವಾಗಿ ವಾಪಸ್ ಹೋದವರನ್ನು ನೋಡಿ. ಜಾನ್ ಗ್ಲೆನ್ 1962ರಲ್ಲಿ ಒಬ್ಬರೇ ಕೂತು ಭೂಮಿಯನ್ನು ಮೂರು ಸುತ್ತು ಹಾಕಿದರು. ಭೂಮಿ ಸುತ್ತಿದ ಮೊದಲ ಅಮೆರಿಕನ್. ಮತ್ತೆ ಹೋಗಿದ್ದು 36 ವರ್ಷ ಬಿಟ್ಟು, 1998ರ ಅಕ್ಟೋಬರ್‌ನಲ್ಲಿ, ಡಿಸ್ಕವರಿ ಷಟಲ್‌ನಲ್ಲಿ. ಆಗ ಅವರಿಗೆ 77. ಕಮಾಂಡರ್ ಅವರಲ್ಲ, 42 ವರ್ಷದ ಕರ್ಟಿಸ್ ಬ್ರೌನ್. ಗ್ಲೆನ್ ಪೇಲೋಡ್ ಸ್ಪೆಷಲಿಸ್ಟ್. ಅಂದರೆ ಅರ್ಧ ಸಿಬ್ಬಂದಿ, ಅರ್ಧ ಪ್ರಯೋಗದ ವಸ್ತು. ರಕ್ತ ಕೊಟ್ಟರು, ಮೈಗೆಲ್ಲ ಸೆನ್ಸರ್ ಅಂಟಿಸಿಕೊಂಡು ಮಲಗಿದರು, ಮೈಯೊಳಗಿನ ತಾಪ ಅಳೆಯುವ ಮಾತ್ರೆಯಂಥ ಥರ್ಮಾಮೀಟರ್ ನುಂಗಿದರು. ಮೂಳೆ ಸವೆಯುವುದು, ಸ್ನಾಯು ಕರಗುವುದು, ನಿದ್ದೆ ಕೆಡುವುದು: ಮುಪ್ಪಿನಲ್ಲಿ ಆಗುವ ಇವೆಲ್ಲ ತೂಕವಿಲ್ಲದ ಜಾಗದಲ್ಲಿ ಯುವಕರಿಗೂ ಆಗುತ್ತವೆ. ಅದಕ್ಕೇ ವಯಸ್ಸಾದ ಒಂದು ಮೈ ಬೇಕಿತ್ತು. ಆಗಿನ್ನೂ ಸೆನೆಟರ್ ಬೇರೆ. ಆದರೂ ಹೋಗಿ ಒಂಬತ್ತು ದಿನ ಇದ್ದು ಬಂದರು.

"ಹಾಗಾದರೆ ಪೆಗ್ಗಿ ವಿಟ್ಸನ್?" ಎಂದು ಕಾಮೆಂಟ್ ಹಾಕುವವರಿದ್ದೀರಿ, ಗೊತ್ತು. ಅವರು 2018ರಲ್ಲಿ ನಾಸಾದಿಂದ ನಿವೃತ್ತರಾದರು. 2025ರ ಜೂನ್‌ನಲ್ಲಿ ನಮ್ಮ ಶುಭಾಂಶು ಶುಕ್ಲಾ ಹೋದ ಆಕ್ಸಿಯಮ್-4 ಎಂಬ ಖಾಸಗಿ ಯಾನಕ್ಕೆ ಅವರೇ ಕಮಾಂಡರ್, 65ನೇ ವಯಸ್ಸಿನಲ್ಲಿ. ಸರಿ, ಕುರ್ಚಿ ಸಿಕ್ಕಿತು. ಆದರೆ ಜಗತ್ತು ಮುಳುಗುತ್ತಿದೆ ಎಂದು ಯಾರೂ ಓಡಿ ಬಂದು ಕರೆದಿದ್ದಲ್ಲ. ಖಾಸಗಿ ತಂಡ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಬೇಕಾದರೆ ನಾಸಾದ ಮಾಜಿ ಗಗನಯಾತ್ರಿ ಕಮಾಂಡರ್ ಆಗಿರಬೇಕು ಎಂದು ಆಗ ನಿಯಮವಿತ್ತು. ಉಳಿದ ಮೂವರೂ ಮೊದಲ ಸಲ ಹೋಗುತ್ತಿದ್ದವರು. ಪಕ್ಕದಲ್ಲಿ ಕೆಲಸ ಗೊತ್ತಿದ್ದವರೊಬ್ಬರು ಬೇಕು, ಅಷ್ಟೇ.

ಇನ್ನು ಟಿವಿಯಲ್ಲಿ ಸ್ಟಾರ್‌ಶಿಪ್ ಕ್ಯಾಪ್ಟನ್ ಆಗಿ ಹೆಸರು ಮಾಡಿದ ವಿಲಿಯಂ ಶಾಟ್ನರ್ 2021ರಲ್ಲಿ, ತೊಂಬತ್ತರಲ್ಲಿ, ಬರೀ ಪ್ರಯಾಣಿಕರಾಗಿ ಹೋದರು. ಹತ್ತು ನಿಮಿಷ. ಇಳಿದು ಅತ್ತರು. ನನಗೆ ಅದು ಇಷ್ಟವಾಯಿತು.

ಮುಂಬೈಯ ಮುಲುಂಡಿನಲ್ಲಿ ನಮ್ಮ ಸೊಸೈಟಿಯಲ್ಲೇ ಒಬ್ಬರು ನಿವೃತ್ತ ಕ್ಯಾಪ್ಟನ್ ಇದ್ದಾರೆ. ಮರ್ಚೆಂಟ್ ನೇವಿ. ಸುರತ್ಕಲ್ ಕಡೆಯವರು, ನಮಗೆಲ್ಲ ಕ್ಯಾಪ್ಟನ್ ಮಾಮ. ಮುಂಬೈ ಬಂದರಿನ ಜವಾಹರ ದ್ವೀಪಕ್ಕೆ ಎಣ್ಣೆ ಟ್ಯಾಂಕರ್ ತಂದವರು. ಅವರ ಸಿಡಿಸಿ ಪುಸ್ತಕವನ್ನು, ಅಂದರೆ ಹಡಗಿನವರ ಸೇವಾ ದಾಖಲೆಯನ್ನು, ಒಮ್ಮೆ ಕೈಗೆ ಕೊಟ್ಟಿದ್ದರು. ಒಂದೊಂದು ಹಡಗಿಗೂ ಸೈನ್ ಆನ್ ಆದ ತಾರೀಕು, ಬಂದರು, ಸೈನ್ ಆಫ್ ಆದ ತಾರೀಕು, ಮೇಲೊಂದು ಸೀಲು. ಸೀಲಿನ ಶಾಯಿ ಎದುರು ಪುಟಕ್ಕೂ ಹತ್ತಿಕೊಂಡಿದೆ. ಕೊನೆಯ ಸೀಲಿನ ಆಚೆ ಪುಟಗಳೆಲ್ಲ ಖಾಲಿ.

"ಮಾಮ, ಈಗ ಕರೆದರೆ ಹೋಗ್ತೀರಾ?"

"ಮಾಸ್ಟರ್ ಆಗಿಯಾ? ಬೇಡ ಮಾರಾಯ. ಆ ಪೇಪರು, ಏಜೆಂಟು, ಕಂಪನಿಯ ಇಮೇಲು, ಯಾರಿಗೆ ಬೇಕು? ಥರ್ಡ್ ಮೇಟ್ ಅಂತ ಕರೆದರೆ ನಾಳೆಯೇ ಹೊರಟೆ. ರಾತ್ರಿ ಎಂಟರಿಂದ ಹನ್ನೆರಡರ ವಾಚ್ ಕೊಟ್ಟರೆ ಸಾಕು."

ಮಾಸ್ಟರ್ ಅಂದರೆ ಹಡಗಿನ ಕ್ಯಾಪ್ಟನ್, ಥರ್ಡ್ ಮೇಟ್ ಅಂದರೆ ಕೆಳಗಿನ ದರ್ಜೆಯ ಅಧಿಕಾರಿ, ವಾಚ್ ಅಂದರೆ ಹಡಗು ನೋಡಿಕೊಳ್ಳುವ ಪಾಳಿ. ನನಗೆ ಬೇಕಾದ ಕಥೆ ಇಲ್ಲಿದೆ ನೋಡಿ. ಹಡಗಿನಲ್ಲಿ ಮಾಸ್ಟರ್ ಮಲಗುವ ಮೊದಲು ನೈಟ್ ಆರ್ಡರ್ ಪುಸ್ತಕದಲ್ಲಿ ರಾತ್ರಿಯ ಸೂಚನೆ ಬರೆದಿಡುತ್ತಾರೆ. ವಾಚ್‌ಗೆ ಬರುವ ಮೇಟ್‌ಗಳು ಓದಿ ಸಹಿ ಹಾಕಬೇಕು. ಅನುಮಾನ ಬಂದರೆ ನನ್ನನ್ನು ಎಬ್ಬಿಸಿ ಎಂದು ಅದರಲ್ಲಿ ಇದ್ದೇ ಇರುತ್ತದಂತೆ. ಈಗ ಯೋಚಿಸಿ. ಜೀವಮಾನವೆಲ್ಲ ಆ ಸಾಲು ಬರೆದ ಮುದುಕ, ನಕ್ಷತ್ರಗಳ ನಡುವೆ, ಮೊಮ್ಮಗಳ ವಯಸ್ಸಿನ ಕ್ಯಾಪ್ಟನ್ ಬರೆದ ಸಾಲಿನ ಕೆಳಗೆ ಸಹಿ ಹಾಕುತ್ತಾನೆ. ಅವನ ವಾಚ್‌ನಲ್ಲೇ ಏನೋ ಎಡವಟ್ಟು ಕಾಣುತ್ತದೆ. ಏನು ಮಾಡಬೇಕೆಂದು ಅವನಿಗೆ ಗೊತ್ತು. ಕೈ ತಾನಾಗಿ ಬಟನ್ ಕಡೆಗೆ ಹೋಗುತ್ತದೆ. ಒತ್ತಬೇಕೋ, ಆ ಹುಡುಗಿಯನ್ನು ಎಬ್ಬಿಸಬೇಕೋ? ಹತ್ತು ಶತ್ರು ನೌಕೆ ಸುಟ್ಟು ಹಾಕುವುದಕ್ಕಿಂತ ಇದು ಕಷ್ಟದ ಸೀನ್, ಅಲ್ವಾ? ನನ್ನ ಕಥೆಯಲ್ಲಾದರೆ ಎಬ್ಬಿಸುತ್ತಾನೆ. ಅವಳು ಬಂದು ಅವನು ಅಂದುಕೊಂಡದ್ದಕ್ಕೆ ತದ್ವಿರುದ್ಧ ಆದೇಶ ಕೊಡುತ್ತಾಳೆ. ಯಾರದ್ದು ಸರಿ ಎಂದು ಕಥೆ ಹೇಳಬೇಕಿಲ್ಲ.

ನಮ್ಮ ಮುಂಬೈ ಕನ್ನಡ ಸಂಘಗಳಲ್ಲಿ ಯಾರಾದರೂ ಇದನ್ನು ನಾಟಕ ಮಾಡಿ ಮಾರಾಯ್ರೇ. ಸೆಟ್‌ಗೆ ಖರ್ಚಿಲ್ಲ, ಒಂದು ಮೇಜು, ಒಂದು ಪುಸ್ತಕ ಸಾಕು. ಮುದಿ ಕ್ಯಾಪ್ಟನ್ ಪಾತ್ರಕ್ಕೆ ಎಪ್ಪತ್ತು ದಾಟಿದವರು ಬೇಕಾದಷ್ಟು ಜನ ಸಿಗುತ್ತಾರೆ, ಕ್ಯೂ ನಿಲ್ಲುತ್ತಾರೆ. ಮೂವತ್ತರ ಕ್ಯಾಪ್ಟನ್‌ಗೇ ಡೊಂಬಿವಲಿಯಿಂದ ಚರ್ಚ್‌ಗೇಟ್‌ವರೆಗೂ ಹುಡುಕಬೇಕಾದೀತು.