ಸಿದ್ಧಾಂತದ ಅರ್ಧ ಭಾಗವಷ್ಟೇ ನೀತಿಯಾದಾಗ

ಅಪರಾಧ ಮತ್ತು ಶಿಕ್ಷೆಯ ಕುರಿತ ಲೇಖನವೊಂದನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಶಿಕ್ಷೆ ಕಠಿಣವಾದಷ್ಟೂ ಅಪರಾಧ ಇಳಿಯುತ್ತದೆ ಎಂಬ ವಾದಕ್ಕೆ ಅದರ ಲೇಖಕರು ಇಟಲಿಯ ದಂಡನೀತಿ ಚಿಂತಕ ಬೆಕ್ಕಾರಿಯಾ ಅವರನ್ನು ಆಧಾರವಾಗಿ ಬಳಸಿರುವುದು ಸರಿಯಲ್ಲ. 1764ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ಅವರು ಒತ್ತಿ ಹೇಳಿದ್ದು ಶಿಕ್ಷೆಯ ಕ್ರೌರ್ಯವನ್ನಲ್ಲ, ಅದು ತಪ್ಪದೆ, ತಡವಿಲ್ಲದೆ ಬರುತ್ತದೆ ಎಂಬ ಖಚಿತತೆಯನ್ನು. ಚಿತ್ರಹಿಂಸೆಯನ್ನೂ ಮರಣದಂಡನೆಯನ್ನೂ ಅವರು ವಿರೋಧಿಸಿದ್ದರು. ಆದರೆ ತನಿಖೆಯ ಗುಣಮಟ್ಟವನ್ನೂ ನ್ಯಾಯಾಲಯದ ವೇಗವನ್ನೂ ಹೆಚ್ಚಿಸುವುದಕ್ಕಿಂತ ಕಾಯ್ದೆಯಲ್ಲಿ ಸೆರೆವಾಸದ ವರ್ಷಗಳನ್ನು ಏರಿಸುವುದು ಸುಲಭ. ಹಾಗಾಗಿ ಅವರ ಸಿದ್ಧಾಂತದಲ್ಲಿ, ಶಿಕ್ಷೆಯ ಭಯ ಅಪರಾಧವನ್ನು ತಡೆಯುತ್ತದೆ ಎಂಬ, ಶಾಸಕರಿಗೆ ಅನುಕೂಲವಾದ ಭಾಗ ಮಾತ್ರ ಉಳಿಯುತ್ತದೆ.

ಕೈದಿಗಳ ಸುಧಾರಣೆ ವಿಫಲವೆಂದು ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿರುವುದು ನನ್ನನ್ನು ಇನ್ನಷ್ಟು ನೋಯಿಸಿತು. ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್ಸನ್ ಅವರು ಸುಧಾರಣಾ ಕಾರ್ಯಕ್ರಮಗಳ ಕುರಿತ 231 ಅಧ್ಯಯನಗಳ ಪರಿಶೀಲನೆಯನ್ನು ಆಧರಿಸಿ 1974ರಲ್ಲಿ ಬರೆದ ಲೇಖನವನ್ನು ರಾಜಕಾರಣಿಗಳು 'ಯಾವುದೂ ಫಲಿಸದು' ಎಂಬ ತೀರ್ಪಿನಂತೆ ಓದಿಕೊಂಡರು. ಅಪರಾಧಿಗಳ ಬಗ್ಗೆ ಮೃದುತ್ವ ಬೇಡವೆನ್ನುವವರಿಗೂ, ನ್ಯಾಯಾಧೀಶರ ಮತ್ತು ಪೆರೋಲನ್ನು, ಅಂದರೆ ಅವಧಿಗೆ ಮುಂಚಿನ ಷರತ್ತುಬದ್ಧ ಬಿಡುಗಡೆಯನ್ನು, ನಿರ್ಧರಿಸುವ ಮಂಡಳಿಗಳ ವಿವೇಚನಾಧಿಕಾರ ತಾರತಮ್ಯಕ್ಕೆ ದಾರಿಯಾಗಿದೆ ಎಂದು ಆತಂಕಪಟ್ಟವರಿಗೂ (ಆ ಆತಂಕ ನಿರಾಧಾರವಾಗಿರಲಿಲ್ಲ) ಅದು ಒಪ್ಪಿಗೆಯಾಯಿತು. 1979ರಲ್ಲಿ ಮಾರ್ಟಿನ್ಸನ್ ಅವರೇ ಕೆಲವು ಕಾರ್ಯಕ್ರಮಗಳು ಫಲ ನೀಡುತ್ತವೆ ಎಂದು ತಮ್ಮ ನಿಲುವನ್ನು ತಿದ್ದಿಕೊಂಡರೂ ನೀತಿ ಹಿಂದಿರುಗಲಿಲ್ಲ. 1984ರ ಕಾಯ್ದೆಯು ಫೆಡರಲ್ (ಕೇಂದ್ರ ಸರ್ಕಾರದ ಕಾನೂನಿನಡಿಯ) ಅಪರಾಧಗಳಿಗೆ ಪೆರೋಲನ್ನೇ ರದ್ದುಗೊಳಿಸಿತು. ಮಾರ್ಟಿನ್ಸನ್ ತಮ್ಮ ನಿಲುವನ್ನು ತಿದ್ದಿಕೊಂಡದ್ದರ ಪ್ರಸ್ತಾಪವೇ ಇಲ್ಲದೆ ಅವರ ಮೊದಲ ಲೇಖನವನ್ನಷ್ಟೇ ಉಲ್ಲೇಖಿಸಿರುವುದು ಓದುಗರಿಗೆ ಮಾಡಿದ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ದಯವಿಟ್ಟು ಆ ಭಾಗವನ್ನು ಲೇಖಕರು ಸೇರಿಸಬೇಕು.