ಘಾಟಿಯನ್ನು ಕಡಲ ಕಡೆಯಿಂದ ಹತ್ತಿ: ಕೊಡಗಿನಲ್ಲಿ ರೋಡ್ ಸೈಕಲ್

ಮಳೆ ಬಿಡುವ ಹೊತ್ತಿಗೆ ಬೆಂಗಳೂರು, ಮೈಸೂರು, ಮಂಗಳೂರಿನ ಸೈಕಲ್ ಗೆಳೆಯರು ಕೊಡಗಿನ ರೂಟ್ ಕೇಳಲು ಶುರು ಮಾಡುತ್ತಾರೆ. ಹೆಚ್ಚಿನವರ ಲೆಕ್ಕ ಒಂದೇ. ಮಡಿಕೇರಿಯಲ್ಲಿ ರೂಮ್ ಮಾಡುವುದು, ಬೆಳಿಗ್ಗೆ ಬೇಗ ಎದ್ದು ಸಂಪಾಜೆ ಘಾಟಿ ಇಳಿಯುವುದು, ಮಧ್ಯಾಹ್ನ ಊಟ ಮಾಡಿ ವಾಪಸ್ ಹತ್ತುವುದು. ಇದು ತಲೆಕೆಳಗಾದ ಯೋಜನೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಕೊಡಗಿನ ಘಾಟಿಗಳನ್ನು ಕಡಲ ಕಡೆಯಿಂದ, ಬೆಳಗಿನ ತಂಪಿನಲ್ಲಿ ಹತ್ತಬೇಕು.

ಕಾರಣ ಸರಳ. ಬೆಳಿಗ್ಗೆ ಏಳು ಗಂಟೆಗೆ ಮಡಿಕೇರಿ ಮಂಜಿನಲ್ಲಿರುತ್ತದೆ, ರಸ್ತೆ ಒದ್ದೆಯಿರುತ್ತದೆ, ಕೈಬೆರಳು ಮರಗಟ್ಟಿರುತ್ತವೆ. ಅಂಥ ಹೊತ್ತಿನಲ್ಲೇ ನೀವು ಬ್ರೇಕ್ ಹಿಡಿದು ಇಳಿಯುತ್ತೀರಿ. ಆಮೇಲೆ ಸುಳ್ಯದ ಸೆಕೆಯಲ್ಲಿ, ನಡುಮಧ್ಯಾಹ್ನ, ಹೊಟ್ಟೆ ತುಂಬಿಸಿಕೊಂಡು ಏರು ಶುರು. ಬದಲಿಗೆ ಹಿಂದಿನ ರಾತ್ರಿ ಸುಳ್ಯದಲ್ಲಿ ಉಳಿದು ಆರು ಗಂಟೆಗೆ ಹೊರಟರೆ ಅರಂತೋಡು, ಕಲ್ಲುಗುಂಡಿ ದಾಟಿ ಸಂಪಾಜೆ ತಲುಪುವಾಗ ಮೈ ಬಿಸಿಯಾಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಹತ್ತುತ್ತಾ ಹೋದಂತೆ ಹವೆ ತಂಪಾಗುತ್ತದೆ. ಸುಳ್ಯದಿಂದ ಮಡಿಕೇರಿಗೆ ಸುಮಾರು 50 ಕಿ.ಮೀ. ಅದರಲ್ಲಿ ಕೊನೆಯ 27–28 ಕಿ.ಮೀ.ಯಲ್ಲಿ ಹತ್ತಿರ ಹತ್ತಿರ 1,000 ಮೀಟರ್ ಎತ್ತರ ಸಿಗುತ್ತದೆ. ಸರಾಸರಿ ಏರು ನೂರಕ್ಕೆ ಮೂರೂವರೆಯಷ್ಟೇ. ಕೊಯನಾಡಿನವರೆಗೆ ಸೌಮ್ಯ, ಆಮೇಲೆ ಏರು ಕೂಡುತ್ತದೆ, ಜೋಡುಪಾಲ–ಮದೆನಾಡು ಭಾಗದಲ್ಲಿ ತಿರುವು ಮೇಲೆ ತಿರುವು. ಗಂಟೆಗೆ 12 ಕಿ.ಮೀ. ವೇಗದವರಿಗೆ ಸಂಪಾಜೆಯಿಂದ ಎರಡೂಕಾಲು, ಎರಡೂವರೆ ಗಂಟೆ ಸಾಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಹೆದ್ದಾರಿ ಕಡಿದುಹೋದದ್ದು ಇದೇ ಭಾಗದಲ್ಲಿ. ಹಾಗಾಗಿ ಮಳೆಗಾಲದಲ್ಲಿ ಈ ಏರು ಬೇಡ. ಇದು ರಾಷ್ಟ್ರೀಯ ಹೆದ್ದಾರಿ 275, ಲಾರಿ ಬಸ್ಸು ಎರಡೂ ಹೆಚ್ಚು. ಭಾನುವಾರ ಸಂಜೆಯ ಟೂರಿಸ್ಟ್ ಕಾರುಗಳ ಜೊತೆ ಇಲ್ಲಿ ರಸ್ತೆ ಹಂಚಿಕೊಳ್ಳುವುದು ಯಾರಿಗೂ ಒಳ್ಳೆಯದಲ್ಲ. ವಾರದ ನಡುವಿನ ದಿನ ಆರಿಸಿಕೊಳ್ಳಿ.

ಇಳಿಜಾರಿನ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಲೆಕ್ಕ ಇದೆ. ಸವಾರ, ಸೈಕಲ್ ಸೇರಿ 80 ಕೆ.ಜಿ. ಅಂದುಕೊಳ್ಳಿ. 1,000 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 785 ಕಿಲೋಜೂಲ್. ಎರಡು ಲೀಟರಿಗೂ ಹೆಚ್ಚು ತಣ್ಣೀರು ಕುದಿಸಲು ಅಷ್ಟು ಸಾಕು. ಒಂದು ಪಾಲು ಗಾಳಿಯ ತಡೆಗೆ ಹೋಗುತ್ತದೆ. ನೀವು ಹೆದರಿ ನಿಧಾನವಾಗಿ, ಬ್ರೇಕ್ ಬಿಡದೆ ಇಳಿದಷ್ಟೂ ಗಾಳಿಯ ಪಾಲು ಕಡಿಮೆಯಾಗಿ ಬ್ರೇಕಿನ ಪಾಲು ಹೆಚ್ಚುತ್ತದೆ. ರಿಮ್ ಬ್ರೇಕ್ (ಚಕ್ರದ ಹೊರಬಳೆಯನ್ನೇ ಹಿಡಿಯುವ ಬ್ರೇಕ್) ಆದರೆ ಆ ಬಿಸಿ ಟ್ಯೂಬಿಗೆ ತಾಗಿ ಟೈರ್ ಸಿಡಿಯಬಹುದು. ಕಾರ್ಬನ್ ರಿಮ್ ಇದ್ದರೆ ರಿಮ್ಮೇ ಕೆಡಬಹುದು. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಮೇಲ್ಮೈ ಗಾಜಿನಂತಾಗಿ ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಡಿ. ಕೈ ಹ್ಯಾಂಡಲಿನ ಕೆಳಭಾಗದಲ್ಲಿರಲಿ, ಅಲ್ಲಿಂದ ಲಿವರ್ ಹಿಡಿಯಲು ಬೆರಳಿಗೆ ಬಲ ಸಿಗುತ್ತದೆ. ಎಂಟು ಹತ್ತು ಕಿ.ಮೀ.ಗೊಮ್ಮೆ ಸಮತಟ್ಟು ಜಾಗದಲ್ಲಿ ನಿಂತು ಬ್ರೇಕ್ ಆರಲು ಬಿಡಿ. ರಿಮ್ಮನ್ನೋ ಡಿಸ್ಕನ್ನೋ ಮುಟ್ಟಿ ನೋಡಬೇಡಿ, ಬೊಬ್ಬೆ ಬರುತ್ತದೆ.

ಕಡಲಿನಿಂದ ಬರಲು ಇನ್ನೆರಡು ದಾರಿಗಳಿವೆ. ವಿರಾಜಪೇಟೆಗೆ ಕಣ್ಣೂರು, ತಲಶ್ಶೇರಿ ಕಡೆಯಿಂದ ಇರಿಟ್ಟಿ, ಕೂಟುಪುಳ, ಮಾಕುಟ್ಟ ಮೂಲಕ ಬರುವುದು ಒಂದು. ಕೂಟುಪುಳ ಸೇತುವೆಯಿಂದ ಪೆರುಂಬಾಡಿಯವರೆಗೆ ಹತ್ತಿರ ಹತ್ತಿರ 20 ಕಿ.ಮೀ. ದಟ್ಟ ಕಾಡು, ನೆರಳೇ ನೆರಳು. ನನ್ನ ಮಟ್ಟಿಗೆ ಕೊಡಗಿನ ಅತ್ಯಂತ ಸುಂದರ ಏರು ಇದೇ. ಆದರೆ ನೆರಳಿನ ಇನ್ನೊಂದು ಮುಖ ಪಾಚಿ. ರಸ್ತೆಯ ಅಂಚಿನ ಒಂದೆರಡು ಅಡಿ ಡಿಸೆಂಬರ್‌ವರೆಗೂ ಹಸಿರಾಗಿ ಜಾರುತ್ತದೆ. ವಾಹನಕ್ಕೆ ಜಾಗ ಬಿಡಲು ಅಂಚಿಗೆ ಸರಿದಾಗಲೇ ಚಕ್ರ ಜಾರುವುದು. ಅಂಚಿನಿಂದ ಒಂದು ಮೀಟರ್ ಒಳಗೇ ಓಡಿಸಿ. ಹಿಂದಿನವರು ಒಂದು ನಿಮಿಷ ಕಾಯಲಿ. ದಾರಿಯಲ್ಲಿ ಅಂಗಡಿ ಇದೆ ಎಂದು ನೆಚ್ಚಿಕೊಳ್ಳಬೇಡಿ, 750 ಮಿ.ಲೀ.ನ ಎರಡು ಬಾಟಲಿ ತುಂಬಿಕೊಂಡೇ ಹೊರಡಿ. ಮೊಬೈಲ್ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ. ಒಬ್ಬರೇ ಹೋಗುವ ರಸ್ತೆ ಇದಲ್ಲ.

ಮತ್ತೊಂದು ಕಾಞಂಗಾಡಿನಿಂದ ರಾಜಪುರಂ, ಪಾಣತ್ತೂರು, ಕರಿಕೆ ಮೂಲಕ ಭಾಗಮಂಡಲಕ್ಕೆ ಬರುವ ದಾರಿ. ಕಿರಿದು, ಕಡಿದು, ವಾಹನ ಕಡಿಮೆ. ಗಟ್ಟಿ ಕಾಲಿನವರಿಗೆ ಮಾತ್ರ. ಮೊದಲ ಬಾರಿ ಬರುವವರು ಇದನ್ನು ಬಿಟ್ಟುಬಿಡಿ.

ಭಾಗಮಂಡಲದ ಮಾತು ಬಂತು. ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ. ಭಾಗಮಂಡಲದಿಂದ 8 ಕಿ.ಮೀ.ಯಲ್ಲಿ ಸುಮಾರು 400 ಮೀಟರ್ ಏರಬೇಕು, ಸರಾಸರಿ ನೂರಕ್ಕೆ ಐದು. ಆದರೆ ಸರಾಸರಿ ಇಲ್ಲಿ ಮೋಸ ಮಾಡುತ್ತದೆ. ನಡುವೆ ಸಮತಟ್ಟು ಬಂದು, ಅದರ ಸಾಲವನ್ನು ಮುಂದಿನ ತಿರುವಿನಲ್ಲೇ ತೀರಿಸಬೇಕಾಗುತ್ತದೆ. ಮಡಿಕೇರಿಯಿಂದ ಚೇರಂಬಾಣೆ ಮೇಲೆ ಭಾಗಮಂಡಲಕ್ಕೆ ಸುಮಾರು 36 ಕಿ.ಮೀ. ಅದೂ ಏರಿಳಿತದ್ದೇ. ಹಾಗಾಗಿ ತಲಕಾವೇರಿಯ ಬುಡ ತಲುಪುವಾಗಲೇ ಅರ್ಧ ಬಲ ಖರ್ಚಾಗಿರುತ್ತದೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ದಿನಗಳಲ್ಲಿ ಈ ರಸ್ತೆ ಭಕ್ತರದು. ಸೈಕಲ್ ತರಬೇಡಿ.

ಇಷ್ಟೆಲ್ಲ ಹೇಳಿದರೂ, ಕೊಡಗಿನಲ್ಲಿ ಒಂದೇ ದಿನ ಇರುವವರಿಗೆ ನಾನು ತೋರಿಸುವುದು ಒಳನಾಡಿನ ಸುತ್ತು: ಮಡಿಕೇರಿ, ಮೂರ್ನಾಡು, ನಾಪೋಕ್ಲು, ಕಕ್ಕಬೆ, ಕಡಂಗ, ವಿರಾಜಪೇಟೆ, ಬೇತ್ರಿ, ಮತ್ತೆ ಮೂರ್ನಾಡು, ಮಡಿಕೇರಿ. ನೂರು ಕಿ.ಮೀ. ಆಸುಪಾಸು. ಕಾವೇರಿ, ಗದ್ದೆ ಬಯಲು, ಕಾಫಿ ತೋಟ, ತಡಿಯಂಡಮೋಳ್ ಬೆಟ್ಟದ ಬುಡ, ನಾಲ್ಕುನಾಡು ಅರಮನೆಗೆ ತಿರುಗುವ ದಾರಿ, ಎಲ್ಲವೂ ಇದೊಂದರಲ್ಲಿ ಬರುತ್ತವೆ. ದೊಡ್ಡ ಏರು ಒಂದೂ ಇಲ್ಲ, ಸಣ್ಣ ಏರುಗಳಿಗೆ ಲೆಕ್ಕವಿಲ್ಲ. ಜನ ಸೋಲುವುದು ಅಲ್ಲೇ. ಪ್ರತಿ ಸಣ್ಣ ಏರನ್ನೂ ಎದ್ದು ನಿಂತು ತುಳಿದರೆ ವಿರಾಜಪೇಟೆಯಲ್ಲಿ ತೊಡೆ ಹಿಡಿದುಕೊಳ್ಳುತ್ತದೆ, ಬೇತ್ರಿ ಸೇತುವೆ ದಾಟಿ ಮಡಿಕೇರಿಗೆ ಏರುವ ಕೊನೆಯ ಭಾಗ ನರಕವಾಗುತ್ತದೆ. ಕೂತೇ ತುಳಿಯಿರಿ, ಏರು ಶುರುವಾಗುವ ಮೊದಲೇ ಗಿಯರ್ ಇಳಿಸಿ. ಏರಿನ ನಡುವೆ ಬಲ ಹಾಕಿ ಗಿಯರ್ ಬದಲಿಸಿದರೆ ಚೈನ್ ಬೀಳುತ್ತದೆ, ಹಳೆಯದಾದರೆ ತುಂಡಾಗುತ್ತದೆ. ನಾಪೋಕ್ಲಿನಲ್ಲಿ ತಿಂಡಿ ಮಾಡಿ. ಕಡಂಬುಟ್ಟು (ಅಕ್ಕಿ ಕಡುಬು), ನೂಪುಟ್ಟು (ಅಕ್ಕಿ ಶಾವಿಗೆ), ಅಕ್ಕಿರೊಟ್ಟಿ, ಯಾವುದಾದರೂ ಸರಿ, ಸೈಕಲ್ಲಿಗೆ ಬೇಕಾದ ಪಿಷ್ಟ ಅದರಲ್ಲೇ ಇದೆ. ಪಂದಿಕರಿ (ಹಂದಿ ಮಾಂಸದ ಸಾರು) ಸಂಜೆಗಿರಲಿ. ಕೊಬ್ಬು ಅರಗುವುದು ತಡ, ಏರಿನಲ್ಲಿ ಹೊಟ್ಟೆ ಭಾರವಾಗುತ್ತದೆ. ದಾರಿಯಲ್ಲಿ ಗಂಟೆಗೆ ಎರಡು ಬಾಳೆಹಣ್ಣು ಅಥವಾ ಒಂದಿಷ್ಟು ಕಡಲೆ ಚಿಕ್ಕಿ ಸಾಕು.

ಗಿಯರ್ ವಿಚಾರದಲ್ಲಿ ಮುಲಾಜಿಲ್ಲದೆ ಹೇಳಬೇಕು. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) ಇರುವ ಸೈಕಲ್ಲಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯಬೇಕೆಂದರೆ ಗಂಟೆಗೆ 9 ಕಿ.ಮೀ.ಗಿಂತ ಸ್ವಲ್ಪ ಹೆಚ್ಚೇ ವೇಗ ಬೇಕು. ನೂರಕ್ಕೆ ಹತ್ತರ ಏರಿನಲ್ಲಿ, 80 ಕೆ.ಜಿ. ತೂಕಕ್ಕೆ, ಅದು 200 ವಾಟ್‌ಗೂ ಮೀರಿದ ಶ್ರಮ. ಹಿಂದೆ 34 ಹಲ್ಲು ಹಾಕಿದರೆ ಅದೇ ಲಯಕ್ಕೆ ಏಳೂವರೆ ಕಿ.ಮೀ. ಸಾಕು, ಶ್ರಮ 170–180 ವಾಟ್‌ಗೆ ಇಳಿಯುತ್ತದೆ. ಸಾಮಾನ್ಯ ಸವಾರನಿಗೆ ಮಂಡಿ ಉಳಿಯುವುದಕ್ಕೂ ಹಾಳಾಗುವುದಕ್ಕೂ ಇರುವ ಅಂತರ ಇದೇ. ಕ್ಯಾಸೆಟ್ ಬದಲಿಸುವಾಗ ಹಿಂದಿನ ಡಿರೇಲರ್ (ಚೈನನ್ನು ಗಿಯರಿಂದ ಗಿಯರಿಗೆ ದಾಟಿಸುವ ಭಾಗ) 34 ಹಲ್ಲು ತಡೆಯುತ್ತದೆಯೇ ನೋಡಿ. ಶಾರ್ಟ್ ಕೇಜ್‌ನವು, ಅಂದರೆ ಗಿಡ್ಡ ತೋಳಿನವು, ಸಾಮಾನ್ಯವಾಗಿ ತಡೆಯುವುದಿಲ್ಲ. ಹಳೆಯ ಚೈನನ್ನೇ ಉಳಿಸಿದರೆ ಗಿಡ್ಡವಾಗಬಹುದು. ಹಾಗಾದರೆ ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಎರಡಕ್ಕೂ ಚೈನ್ ಬಿದ್ದ ಕ್ಷಣ ಡಿರೇಲರ್ ಕಿತ್ತು ಬರುತ್ತದೆ.

ಟೈರ್ 28 ಮಿ.ಮೀ.ಗಿಂತ ಕಿರಿದು ಬೇಡ, ಫ್ರೇಮಿನಲ್ಲಿ ಜಾಗವಿದ್ದರೆ 32. ಎಪ್ಪತ್ತು ಕೆ.ಜಿ. ಸವಾರನಿಗೆ 28ರಲ್ಲಿ ಹಿಂದೆ 75, ಮುಂದೆ 70 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು. ನೂರು ಪಿಎಸ್‌ಐ ತುಂಬಿಸಿದರೆ ಒದ್ದೆ ತಿರುವಿನಲ್ಲಿ ಹಿಡಿತವೇ ಇರುವುದಿಲ್ಲ. ತೋಟದ ಗೇಟುಗಳ ಮುಂದೆ ಜೀಪು, ಟ್ರ್ಯಾಕ್ಟರ್ ತಂದು ಹಾಕಿದ ಕೆಮ್ಮಣ್ಣು ಇರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲಿನ ಕಾಲ, ಆಗ ಇನ್ನೂ ಹೆಚ್ಚು. ಕಾರ್ಮಿಕರನ್ನು ಕರೆದೊಯ್ಯುವ ಪಿಕಪ್, ಜೀಪುಗಳು ಬೆಳಿಗ್ಗೆ ಎಂಟರ ಹೊತ್ತಿಗೂ ಸಂಜೆ ನಾಲ್ಕೂವರೆ ಹೊತ್ತಿಗೂ ಅವಸರದಲ್ಲಿರುತ್ತವೆ. ಕುರುಡು ತಿರುವಿನಲ್ಲಿ ಅವರು ಹಾರನ್ ಹಾಕುತ್ತಾರೆ. ನೀವೂ ಗಟ್ಟಿಯಾಗಿ ಕೂಗಿ, ಸೈಕಲ್ ಗಂಟೆ ಯಾರಿಗೂ ಕೇಳಿಸುವುದಿಲ್ಲ.

ಇನ್ನು ಆನೆ. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ, ತಿತಿಮತಿ ಕಡೆಯ ರಸ್ತೆಗಳು ನುಣುಪಾಗಿವೆ, ಏರು ಕಡಿಮೆ, ನಕ್ಷೆಯಲ್ಲಿ ಬಹಳ ಆಕರ್ಷಕವಾಗಿ ಕಾಣುತ್ತವೆ. ಅಲ್ಲಿನ ತೋಟಗಳಲ್ಲಿ ಕಾಡಾನೆಗಳು ದಿನವೂ ಓಡಾಡುತ್ತವೆ, ಜನ ಸತ್ತಿದ್ದಾರೆ. ಬೆಳಿಗ್ಗೆ ಏಳೂವರೆಗೆ ಮೊದಲು, ಸಂಜೆ ಐದರ ನಂತರ ಅಲ್ಲಿ ಸೈಕಲ್ ಓಡಿಸಲೇಬೇಡಿ. ಹಲಸು ಹಣ್ಣಾಗುವ ಮೇ, ಜೂನ್‌ನಲ್ಲಿ ಮತ್ತು ಗದ್ದೆ ತೆನೆ ಕಟ್ಟುವ ಕಾಲದಲ್ಲಿ ಇನ್ನೂ ಜಾಗ್ರತೆ ಬೇಕು. ಸೈಕಲ್ಲಿಗೆ ಸದ್ದಿಲ್ಲ. ಅದೇ ಅಪಾಯ. ಆನೆಗೆ ನೀವು ಬರುವುದು ಗೊತ್ತಾಗುವ ಮೊದಲೇ ಅದರ ಪಕ್ಕದಲ್ಲಿರುತ್ತೀರಿ. ಹಸಿ ಲದ್ದಿ, ಮುರಿದ ಕೊಂಬೆ, ಮಲಗಿದ ಬೇಲಿ ಕಂಡರೆ ನಿಧಾನಿಸಿ, ಜೋರಾಗಿ ಮಾತಾಡುತ್ತಾ ಹೋಗಿ. ಆನೆಯೇ ಕಂಡರೆ ನೂರು ಮೀಟರ್ ದೂರದಲ್ಲೇ ನಿಂತು, ಸದ್ದಿಲ್ಲದೆ ಸೈಕಲ್ ತಿರುಗಿಸಿ ಹಿಂದೆ ಬನ್ನಿ. ಫೋಟೋ ಬೇಡ. ಹಿಂಡು ರಸ್ತೆ ದಾಟಿತು ಎಂದು ತಕ್ಷಣ ಮುನ್ನುಗ್ಗಬೇಡಿ, ಮರಿಯೊಂದು ಹಿಂದೆ ಉಳಿದಿರಬಹುದು. ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆ) ಬಳಿ ಯಾರಾದರೂ ಸಿಕ್ಕರೆ ‘ಆನೆ ಎಲ್ಲಿದೆ ಅಣ್ಣಾ?’ ಎಂದು ಕೇಳಿ. ಅವರ ಮಾತು ಯಾವ ನಕ್ಷೆಗಿಂತಲೂ ಖಚಿತ. ನಾಗರಹೊಳೆ ಕಾಡಿನೊಳಗಿನ ರಸ್ತೆಯನ್ನು ಸೈಕಲ್ ಯೋಜನೆಯಿಂದ ಪೂರ್ತಿ ಕೈಬಿಡಿ. ಮಾಂದಲಪಟ್ಟಿಯೂ ಬೇಡ, ಅದು ಜೀಪಿನ ದಾರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಬೇಡಿ. ಕಕ್ಕಡದ (ಕೊಡಗಿನ ಆಟಿ ತಿಂಗಳು) ಮಳೆಯಲ್ಲಿ ಮರ ಬೀಳುತ್ತದೆ, ಭಾಗಮಂಡಲ, ನಾಪೋಕ್ಲು ಕಡೆ ಹೊಳೆ ರಸ್ತೆಗೆ ಬರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂವಿನ ಪರಿಮಳ ಸಿಗಬೇಕೆಂದರೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ಒಂಬತ್ತು ಹತ್ತು ದಿನಕ್ಕೆ ಬನ್ನಿ. ಮಧ್ಯಾಹ್ನದ ಗುಡುಗು ಮಳೆಗೆ ಮುಂಚೆ ಮುಗಿಸಿ. ಬಹುದಿನದ ನಂತರದ ಮೊದಲ ಮಳೆಯಲ್ಲಿ ರಸ್ತೆಯ ಎಣ್ಣೆ ಜಿಡ್ಡು ಮೇಲೇಳುವುದರಿಂದ ಅರ್ಧ ಗಂಟೆ ಎಲ್ಲಾದರೂ ನಿಂತು ಹೊರಡಿ.

ಜೊತೆಗೆ ಎರಡು ಟ್ಯೂಬ್, ಪ್ಯಾಚ್, ಪಂಪ್, ಚೈನ್ ಕಟರ್, ಕ್ವಿಕ್ ಲಿಂಕ್ (ತುಂಡಾದ ಚೈನ್ ಜೋಡಿಸುವ ಕೊಂಡಿ), ನಿಮ್ಮ ಫ್ರೇಮಿನದೇ ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಕೂರಿಸುವ ತುಂಡು) ಇರಲಿ. ಪ್ರೆಸ್ಟಾ ವಾಲ್ವ್‌ಗೆ (ರೋಡ್ ಸೈಕಲ್ ಟ್ಯೂಬಿನ ತೆಳು ವಾಲ್ವ್) ಹಾಕುವ ಹಿತ್ತಾಳೆ ಅಡಾಪ್ಟರ್ ಒಂದನ್ನು ಮರೆಯಬೇಡಿ. ಅದಿದ್ದರೆ ಯಾವ ಊರಿನ ಪಂಕ್ಚರ್ ಅಂಗಡಿಯಲ್ಲೂ ಗಾಳಿ ತುಂಬಿಸಬಹುದು. ವಾಪಸ್ ಹೋದ ದಿನವೇ ಚೈನ್ ತೊಳೆದು ಎಣ್ಣೆ ಹಾಕಿ. ರಿಮ್ ಬ್ರೇಕಿನವರು ಚಕ್ರ ಬಿಚ್ಚಿ ಪ್ಯಾಡಿನಲ್ಲಿ ಕಚ್ಚಿಕೊಂಡ ಕಲ್ಲುಚೂರುಗಳನ್ನು ಪಿನ್ನಿನಿಂದ ಒಂದೊಂದಾಗಿ ಕೀಳಿ. ಬಿಟ್ಟರೆ ಮುಂದಿನ ಇಳಿಜಾರಿನಲ್ಲಿ ಅವು ರಿಮ್ಮಿನ ಅಲ್ಯೂಮಿನಿಯಂ ಅನ್ನು ಗೀರುತ್ತಾ ಹೋಗುತ್ತವೆ.