ಸಿಲ್ವರ್ ಓಕ್, ಓಕ್ ಮರವೇ ಅಲ್ಲ

"ವಿಸ್ಕಿ ಪೀಪಾಯಿ ಮಾಡೋ ಓಕ್ ಇದೇ. ಬದುವಿಗೆ ಸಿಲ್ವರ್ ಓಕ್ ಹಾಕಿ, ವಿದೇಶದವರು ಬಂದು ಕೊಳ್ತಾರೆ." ಮಂಡ್ಯದ ಕಡೆ ರೈತರ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಸಂದೇಶ ಇದು. ತಪ್ಪು.

ನಮ್ಮ ಕರಿಬೇವು ಬೇವಿನ ಜಾತಿಯಲ್ಲ ಅಲ್ವಾ? ಇದೂ ಹಾಗೆಯೇ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಪೂರ್ವ ಭಾಗದ ಮರ, ಗ್ರೆವಿಲಿಯಾ ರೊಬಸ್ಟಾ. ನಿಜವಾದ ಓಕ್‌ಗಳು ಕ್ವೆರ್ಕಸ್ ಎಂಬ ಬೇರೆಯೇ ಕುಲದವು. ಕಾಯಿ ನೋಡಿದರೆ ಸಾಕು. ಓಕ್ ಕಾಯಿ ಪುಟ್ಟ ಬಟ್ಟಲಲ್ಲಿ ಕೂರಿಸಿದಂತಿರುತ್ತದೆ. ಸಿಲ್ವರ್ ಓಕ್ ಕಾಯಿ ಒಡೆದರೆ ತೆಳು ರೆಕ್ಕೆಯ ಬೀಜ ಗಾಳಿಗೆ ಹಾರುತ್ತದೆ.

ಇನ್ನು ಪೀಪಾಯಿ. ಅದಕ್ಕೆ ಎಲ್ಲ ಓಕ್ ಕೂಡ ಆಗುವುದಿಲ್ಲ. ಅಮೆರಿಕದ ಬಿಳಿ ಓಕ್‌ನ ಚೇಗಿನಲ್ಲಿ ನೀರು ಹರಿಯುವ ಸಣ್ಣ ಕೊಳವೆಗಳು ಒಳಗೇ ಮುಚ್ಚಿಕೊಂಡಿರುತ್ತವೆ, ಅದಕ್ಕೇ ಸೋರುವುದಿಲ್ಲ. ಕೆಂಪು ಓಕ್‌ನವು ತೆರೆದಿರುತ್ತವೆ. ಸಣ್ಣ ತುಂಡಿನ ಒಂದು ತುದಿಗೆ ಬಾಯಿಟ್ಟು ಊದಿದರೆ ಇನ್ನೊಂದು ತುದಿಯಲ್ಲಿ ಗಾಳಿ ಬರುತ್ತದೆ!

ಹೆಸರಿನ ಗೊಂದಲ ಅಲ್ಲಿಯವರನ್ನೂ ಬಿಟ್ಟಿಲ್ಲ. 'ಕಪ್ಪು ಓಕ್' ಎಂದರೆ ಅಮೆರಿಕದ ಪೂರ್ವದಲ್ಲಿ ಕ್ವೆರ್ಕಸ್ ವೆಲುಟಿನಾ, ಕ್ಯಾಲಿಫೋರ್ನಿಯಾದಲ್ಲಿ ಕ್ವೆರ್ಕಸ್ ಕೆಲೊಗ್ಗಿ. ಎರಡೂ ಓಕ್, ಆದರೆ ಜಾತಿ ಬೇರೆ.

ಹಾಗಂತ ಬದುವಿನ ಸಿಲ್ವರ್ ಓಕ್ ಸುಮ್ನೆ ಕಡಿಯಬೇಡಿ. ಪ್ಲೈವುಡ್‌ಗೆ ಹೋಗುತ್ತದೆ, ಕೊಡಗಿನಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ಇದನ್ನೇ ಬೆಳೆಸುತ್ತಾರೆ. ಪೀಪಾಯಿಯ ಲೆಕ್ಕ ಹಾಕಿ ಮಾತ್ರ ಸಸಿ ಕೊಳ್ಳಬೇಡಿ.